ಅರ್ವಿಲನ ಹೆಬ್ಬೆರಳು

ಅರ್ವಿಲ್ ಟ್ಯಾಕೆಟ್ ಮೂವತ್ತೊಂದು ವರ್ಷ ನಮ್ಮ ಕೆಂಟಕಿಯಲ್ಲಿ ಶಾಲಾ ಬಸ್ ಓಡಿಸಿದ. ಅವನ ಬಸ್ಸಿನಲ್ಲಿ ಕೂತು ದೊಡ್ಡವರಾದ ಅರ್ಧ ಊರು ಈಗ ಅವನನ್ನು ಕಂಡರೆ ಕೈಯೆತ್ತಿ ಮುಂದೆ ಹೋಗುತ್ತದೆ, ನಿಂತು ಮಾತಾಡುವುದಿಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದು ವಯಸ್ಸಿನಲ್ಲಿ ನಾನೇ ಒಮ್ಮೆ ಕೇಳಿದ್ದೆ. ಕೇಳಲು ನನಗೊಂದು ಕಾರಣವೂ ಇತ್ತು.

"ಶನಿವಾರ ಫಿರಂಗಿ ಕೆಲ್ಸ ಇರತ್ತಲ್ಲ, ಇಮೊಜೀನ್" ಅಂದ.

ಇಂಥ ಉತ್ತರ ಕೊಡುವವನ ಹತ್ತಿರ ಜಗಳವಾಡಿ ಏನು ಉಪಯೋಗ? ಮತ್ತೆ ಕೇಳಲಿಲ್ಲ.

ನೂರೈವತ್ತು ವರ್ಷದ ಹಿಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ನಮ್ಮೂರ ಫಿರಂಗಿ ದಳದ ಹತ್ತೊಂಬತ್ತು ಜನರ ಹೆಸರಿನ ಕಲ್ಲು ಗುಡ್ಡದ ಯುದ್ಧಭೂಮಿಯಲ್ಲಿದೆ. ಅವರ ನೆನಪಿಗೆ ನಮ್ಮೂರ ತಂಡದವರು ವರ್ಷವಿಡೀ ಶನಿವಾರ ತಾಲೀಮು ಮಾಡಿ, ಪ್ರತಿ ಅಕ್ಟೋಬರಿನಲ್ಲಿ ಎರಡು ಸಲ ಫಿರಂಗಿ ಹಾರಿಸುತ್ತೇವೆ, ಗುಂಡಿಲ್ಲದೆ, ಬರೀ ಸಿಡಿಮದ್ದು. ಮೊದಲನೆಯದು ಕಲ್ಲಿನ ಮೇಲೆ ಹೆಸರಿರುವವರಿಗೆ, ಎರಡನೆಯದು ಆ ವರ್ಷ ತೀರಿಕೊಂಡ ನಮ್ಮ ಜೊತೆಗಾರರಿಗೆ. ಆಮೇಲೆ ನಾನು ಹೆಸರು ಓದುತ್ತೇನೆ.

ಹೋಬರ್ಟ್ ಸಿಜ್‌ಮೋರ್ ಫಿರಂಗಿಯ ಬಾಯಿಯ ಬಳಿ ನಿಂತು ಒದ್ದೆ ಕುಂಚದ ಕೋಲು ತಳ್ಳಿ ಒಳಗೆ ಉಳಿದ ಕೆಂಡ ಆರಿಸುತ್ತಿದ್ದ. ಅರ್ವಿಲ್ ಫಿರಂಗಿಯ ಹಿಂಬದಿಯಲ್ಲಿ ನಿಂತು, ಬೆಂಕಿ ಕೊಡುವ ಸಣ್ಣ ಕಿಂಡಿಯನ್ನು ತೊಗಲು ಸುತ್ತಿದ ಹೆಬ್ಬೆರಳಿನಿಂದ ಮುಚ್ಚುತ್ತಿದ್ದ. ಕೋಲು ಒಳಗೆ ಬಂದಾಗ ಗಾಳಿ ಹೆಬ್ಬೆರಳನ್ನು ಒತ್ತಬೇಕು, ಕಿಂಡಿ ಸರಿಯಾಗಿ ಮುಚ್ಚಿದೆ ಎಂದು ಗೊತ್ತಾಗುವುದೇ ಅದರಿಂದ. ಬೆರಳು ಸಡಿಲವಾದರೆ ಕೆಂಡಕ್ಕೆ ಗಾಳಿ ಸಿಕ್ಕಿ, ಆಮೇಲೆ ತುಂಬುವ ಮದ್ದು ಹೊತ್ತಿಕೊಂಡು, ಮುಂದಿದ್ದವರ ಕೈ ಹೋಗುತ್ತದೆ. ಅದಕ್ಕೇ ಹೆಬ್ಬೆರಳು ನೋಡಿಕೊಂಡೇ ಕೋಲು ತಳ್ಳಬೇಕು. ಸಡಿಲ ಕಂಡರೆ ಅದೇ ಕೋಲಿನಿಂದ ತಲೆಗೆ ಬಾರಿಸಬಹುದು, ಅದು ಹಳೆಯ ಪದ್ಧತಿ.

ಕಳೆದ ಚಳಿಗಾಲದಲ್ಲಿ ಹೋಬರ್ಟ್ ತೀರಿಕೊಂಡ. ಅವನಿದ್ದಷ್ಟು ದಿನ ಅರ್ವಿಲನಿಗೆ ಒಬ್ಬ ಸ್ನೇಹಿತನಿದ್ದ, ಆಮೇಲೆ ಯಾರೂ ಇಲ್ಲ. ಹೋಬರ್ಟನ ಹೆಸರಿನಲ್ಲಿ ಎರಡನೆಯದು ಹಾರಲೇಬೇಕು ಎಂಬುದೊಂದೇ ಹಟ ಅವನನ್ನು ಬೇಸಿಗೆಯಿಡೀ ಓಡಾಡಿಸಿತು. ಐದು ಜನಕ್ಕೆ ಕಡಿಮೆಯಾದರೆ ಹಾರಿಸುವಂತಿಲ್ಲ, ಅವನೂ ಸೇರಿ ನಾಲ್ವರಾಗಿದ್ದರು. ಐದನೆಯವಳಾಗಿ ಹೋಬರ್ಟನ ಮಗಳು ಡಾರ್ಲಾ ಬಂದಳು, ಅಪ್ಪನ ಜಾಗಕ್ಕೆ.

ಅಕ್ಟೋಬರಿನ ಆ ಬೆಳಗ್ಗೆ ಅರ್ವಿಲ್ ಕೋಟಿನ ಗುಂಡಿ ಹಾಕಿಕೊಡು ಎಂದು ನನ್ನ ಮುಂದೆ ನಿಂತ. ಹೆಬ್ಬೆರಳಿನ ಮೇಲೆ ಸುಟ್ಟ ಗುಳ್ಳೆ.

"ಏನಿದು?"

"ಒಲೆ ತಾಗಿರ್ಬೇಕು."

"ತಾಗಿದ್ದು ಗೊತ್ತಾಗ್ಲಿಲ್ವಾ?"

"ಗುಂಡಿ ಹಾಕು, ಇಮೊಜೀನ್. ಸಕ್ಕರೆ ಕಾಯಿಲೆ ಡಾಕ್ಟ್ರು ನೀನಲ್ಲ."

ಸಕ್ಕರೆ ಕಾಯಿಲೆಗೆ ಅವನ ಬೆರಳು ಮರಗಟ್ಟಿದೆ ಎಂದು ನನಗೆ ಅರ್ಥವಾಯಿತು. ಬಾಯಿ ಬಿಟ್ಟರೆ ನಾಲ್ವರೇ ಉಳಿಯುತ್ತಾರೆ ಎಂದು ಸುಮ್ಮನಾದೆ. ಅದು ನನ್ನ ತಪ್ಪು, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಮೊದಲನೆಯದು ಹಾರಿತು. ಹೊಗೆ ಕಲ್ಲಿನ ಕಡೆ ಹೋಯಿತು. ಡಾರ್ಲಾ ಕುಂಚ ಅದ್ದಿ, ಅರ್ವಿಲನ ಹೆಬ್ಬೆರಳನ್ನು ಕಣ್ಣಿಟ್ಟು ನೋಡಿ, ಕೋಲನ್ನು ಒಳಗೆ ತಳ್ಳಿದಳು. ಮದ್ದಿನ ಚೀಲ ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ.

"ನಿಲ್ಸಿ" ಅಂದ ಅರ್ವಿಲ್.

ಎಲ್ಲರೂ ಅವನ ಕಡೆ ತಿರುಗಿದರು.

"ಗಾಳಿ ಗೊತ್ತಾಗ್ತಿಲ್ಲ ನಂಗೆ. ಬೆರಳು ಸತ್ತೋಗಿದೆ. ಮದ್ದು ಹಾಕ್ಬೇಡಿ. ಡಾರ್ಲಾ, ಕೋಲು ತೆಗಿ, ದೂರ ಹೋಗು."

ಅವನ ಕೆಲಸ ಕಲಿತವರು ಇನ್ನೊಬ್ಬರಿರಲಿಲ್ಲ. ತೊಗಲು ಬಿಚ್ಚಿ ಗಾಲಿಯ ಮೇಲಿಟ್ಟ. ಹೋಬರ್ಟನದು ಹಾರಲಿಲ್ಲ.

ಡಾರ್ಲಾ ಅವನ ಪಕ್ಕಕ್ಕೆ ಬಂದಳು. "ಅರ್ವಿಲ್ ಅಂಕಲ್, ನಮ್ಮಪ್ಪ ಇಷ್ಟು ವರ್ಷದಲ್ಲಿ ಒಂದ್ಸಲಾನೂ ನಿಮ್ ಹೆಬ್ಬೆರಳು ನೋಡ್ಲಿಲ್ವಂತೆ. ಅವರೇ ಹೇಳ್ತಿದ್ರು."

"ಗೊತ್ತು. ಅವನು ನೋಡಲ್ಲ ಅಂತಾನೇ ಗಟ್ಟಿಯಾಗಿ ಒತ್ತಿ ಹಿಡೀತಿದ್ದೆ."

ನಾನು ಹತ್ತೊಂಬತ್ತು ಹೆಸರು ಓದಿದೆ, ಇಪ್ಪತ್ತನೆಯದಾಗಿ ಹೋಬರ್ಟನದನ್ನೂ. ಜನ ಹೋದರು. ಡಾರ್ಲಾ ಅವನ ಕೆನ್ನೆಗೊಂದು ಮುತ್ತು ಕೊಟ್ಟು ಕಾರು ಹತ್ತಿದಳು. ನಾನು ತಂದ ಜಾಮ್ ಕೇಕನ್ನು ಕಾಗದದಲ್ಲಿ ಸುತ್ತಿ ಅರ್ವಿಲನಿಗೆ ಕೊಡಲು ಹೋದೆ. ಅವನು ಆ ತಣ್ಣನೆಯ ಕಿಂಡಿಯ ಮೇಲೆ ಬರಿ ಹೆಬ್ಬೆರಳು ಇಟ್ಟುಕೊಂಡು ನಿಂತಿದ್ದ.

"ಇಮೊಜೀನ್, ಇನ್ಮೇಲೆ ಶನಿವಾರ ಏನ್ ಮಾಡ್ಲಿ ನಾನು?"

ಶನಿವಾರಗಳನ್ನು ಒಬ್ಬರೇ ಕಳೆಯುವುದು ಹೇಗೆಂದು ನನಗೆ ನಲವತ್ತು ವರ್ಷದಿಂದ ಗೊತ್ತು. ಅವನಿಗೆ ಹೇಳಿಕೊಡಲು ಮನಸ್ಸಾಗಲಿಲ್ಲ.