ವಿಶಾಲಾಕ್ಷಿ ಮೇಡಂ ಇನ್‌ಬಾಕ್ಸಿಗೆ ಬಂದ ವಧುಗಳು

ಆ ಮದುವೆಯ ಜಾಲತಾಣಕ್ಕೆ ವಿಶಾಲಾಕ್ಷಿ ಮೇಡಂ ಅವರ ಇಮೇಲ್ ವಿಳಾಸ ಕೊಟ್ಟವನು ನಾನು. ಅವರ ಗಂಡ ಅಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ನಾನು ಶಂಕರಪ್ಪ. ಕಡೂರಿನವನು, ತರೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು. ಮೇಡಂ ಅಲ್ಲಿಯೇ ಕನ್ನಡ ಪಾಠ ಮಾಡುತ್ತಾರೆ, ಅಜ್ಜಂಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಯಾವುದೋ ತರಬೇತಿಗೆ ಹೆಸರು ನೋಂದಾಯಿಸಲು ಇಮೇಲ್ ಬೇಕೆಂದಾಗ ಅವರಿಗೆ ಅದನ್ನು ಮಾಡಿಕೊಟ್ಟದ್ದು ನಾನೇ. ಪಾಸ್‌ವರ್ಡ್ ಕೂಡ ನಾನೇ ಇಟ್ಟೆ. ಅವರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದವರು ಮತ್ತೆ ಆ ಕಡೆ ತಲೆಹಾಕಲಿಲ್ಲ.

ನನ್ನ ಹೆಂಡತಿ ತೀರಿಕೊಂಡು ಆಗ ಎರಡು ವರ್ಷ. ಐವತ್ತು ದಾಟಿದವನಿಗೆ ಇನ್ನೊಬ್ಬರ ಜೊತೆ ಬೇಕೆನಿಸಿತ್ತು — ಅದನ್ನು ಯಾರಲ್ಲಿ ಹೇಳಿಕೊಳ್ಳಲಿ? ನನ್ನ ಮೇಲ್ ಮಗಳ ಫೋನಿನಲ್ಲೂ ತೆರೆದುಕೊಳ್ಳುತ್ತಿತ್ತು. ಮೇಡಂ ವಿಳಾಸವಾದರೆ ಯಾರೂ ನೋಡದ ಖಾಲಿ ಡಬ್ಬಿ. ಮದುವೆ ತಾಣದ ಮೇಲ್‌ಗಳು ಅಲ್ಲಿಗೆ ಬರಲಿ, ನಾನೇ ನೋಡಿ ಅಳಿಸಿದರಾಯಿತು ಎಂದುಕೊಂಡೆ. ಪೂರ್ತಿ ಹೆಸರು ಕೊಡಲಿಲ್ಲ. ‘ಎಸ್., ಐವತ್ತೊಂದು ವರ್ಷ, ಚಿಕ್ಕಮಗಳೂರು ಜಿಲ್ಲೆ’ — ಅಷ್ಟೇ.

ಮೇಡಂ ಹೊಸ ಫೋನ್ ಕೊಂಡರು. ಅಂಗಡಿಯವನು ಚೀಟಿಯಲ್ಲಿದ್ದ ಆ ಹಳೆಯ ವಿಳಾಸವನ್ನೇ ಅದಕ್ಕೆ ಹಾಕಿಕೊಟ್ಟ. ಮರುದಿನದಿಂದ ಠಣ್ ಠಣ್ ಎಂದು ಬರತೊಡಗಿದವು — ಸಾಲ ಬೇಕೇ, ಲಾಟರಿ ಬಂದಿದೆ, ಕೂದಲಿಗೆ ಎಣ್ಣೆ, ಮತ್ತೆ ‘ಎಸ್. ಅವರೇ, ನಿಮಗೆ ಒಪ್ಪುವ ಮೂವರು ವಧುಗಳು’. ಆ ತಾಣ ವಿಳಾಸವನ್ನು ಯಾರುಯಾರಿಗೆ ದಾಟಿಸಿತ್ತೋ.

ಮೇಡಂ ಅವರ ಗಂಡನ ಹೆಸರು ಶಿವಣ್ಣ. ಅಜ್ಜಂಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಅವರೂ ಎಸ್., ಅವರಿಗೂ ಐವತ್ತರ ಆಚೀಚೆ.

ಮಧ್ಯಾಹ್ನದ ಬಿಡುವಿನಲ್ಲಿ ಮೇಡಂ ಫೋನನ್ನು ನನ್ನ ಮುಂದಿಟ್ಟು, ಈ ಕಾಟ ನಿಲ್ಲಿಸಿಕೊಡಿ ಎಂದರು. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿಕೊಟ್ಟೆ — ಅದೇ ನಾಚಿಕೆ. ಗುರುತಿಲ್ಲದ ಮೇಲ್‌ನಲ್ಲಿರುವ ‘ಬೇಡ’ ಎಂಬ ಕೊಂಡಿಯನ್ನೂ ಒತ್ತಬಾರದು, ಒತ್ತಿದರೆ ಇಲ್ಲೊಬ್ಬರು ಓದುತ್ತಿದ್ದಾರೆಂದು ಅವರಿಗೆ ಖಾತ್ರಿಯಾಗುತ್ತದೆ; ಸ್ಪ್ಯಾಮ್ ಎಂದು ಗುರುತು ಹಾಕಿ ಬಿಡಬೇಕು. ನಾವೇ ವ್ಯವಹಾರ ಮಾಡಿದ ಅಂಗಡಿಯಿಂದ ಬಂದದ್ದಾದರೆ ಮಾತ್ರ ಅನ್‌ಸಬ್‌ಸ್ಕ್ರೈಬ್. ಫಾರಂ ತುಂಬುವಾಗ ಮೊದಲೇ ಟಿಕ್ ಆಗಿರುವ ಚೌಕಗಳನ್ನು ಹುಡುಕಿ ತೆಗೆಯಬೇಕು. ಕಂಡಕಂಡಲ್ಲಿ ಕೊಡಲು ಬೇರೆಯೇ ಒಂದು ವಿಳಾಸ ಇಟ್ಟುಕೊಳ್ಳಬೇಕು. ಕೊನೆಗೆ, ಪಾಸ್‌ವರ್ಡ್ ಬದಲಿಸಬೇಕು.

“ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?” ಎಂದು ಕೇಳಿದೆ. ಕಳ್ಳನ ಪ್ರಶ್ನೆ.

ಅವರು ತುಸು ಯೋಚಿಸಿದರು. “ಚೀಟಿ ಮನೇಲೇ ಇತ್ತು. ನಮ್ಮನೆಯವ್ರಿಗೊಬ್ರಿಗೇ ಗೊತ್ತಿರೋದು ಕಣ್ರೀ.”

ನನ್ನನ್ನು ಮರೆತಿದ್ದರು. ಅಥವಾ — ಮರೆತವರಂತೆ ಮಾಡಿ ನನ್ನ ಮುಖ ನೋಡುತ್ತಿದ್ದರೇ? ಅಂದಿನಿಂದ ಅವರ ಒಂದೊಂದು ಮಾತನ್ನೂ ತಿರುವಿ ಹಾಕಿ ನೋಡಿದೆ. “ನಿಮ್ಗೆ ಇದೆಲ್ಲ ಎಷ್ಟು ಚೆನ್ನಾಗಿ ಗೊತ್ತು” ಎಂದದ್ದು ಹೊಗಳಿಕೆಯೋ, ಚುಚ್ಚೋ? ಅಂದು ಸಂಜೆಯೇ ಆ ತಾಣದಲ್ಲಿದ್ದ ನನ್ನ ವಿವರಗಳನ್ನು ಅಳಿಸಿಹಾಕಿದೆ. ಅಲ್ಲಿ ನನ್ನ ಫೋನ್ ನಂಬರ್ ಇತ್ತು.

ಅನುಮಾನ ನನ್ನ ಕಡೆ ತಿರುಗಲೇ ಇಲ್ಲ. ಅದು ಅಜ್ಜಂಪುರದ ಮನೆಯೊಳಕ್ಕೆ ಹೋಯಿತು. ಶಿವಣ್ಣ ಫೋನಿನಲ್ಲಿ ನಕ್ಕರೂ ಯಾರ ಹತ್ತಿರ ಎನ್ನುವುದು, ಮೋಟಾರ್ ರಿಪೇರಿಗೆ ಪಂಚನಹಳ್ಳಿಗೆ ಹೋದರೆ ನಿಜಕ್ಕೂ ಅಲ್ಲಿಗೇ ಹೋದರೇ ಎಂದು ಅವರಿವರಲ್ಲಿ ವಿಚಾರಿಸುವುದು. ಮೇಡಂ ಇದನ್ನೆಲ್ಲ ನನಗೆ ಹೇಳುತ್ತಿದ್ದರು. ನನ್ನನ್ನು ನಂಬಿದ್ದರು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಶಿವಣ್ಣನವರೇ ನನ್ನನ್ನು ಹುಡುಕಿಕೊಂಡು ಬಂದರು. ಬೈಕ್ ನಿಲ್ಲಿಸಿ, ಕೈಯ ಗ್ರೀಸನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತರು. ಜಗಳಕ್ಕೆ ಬಂದವರಲ್ಲ. ಮಠದಲ್ಲಿ ಸ್ವಾಮಿಗಳ ಎದುರು ಆಣೆ ಮಾಡಿದರೂ ಹೆಂಡತಿ ನಂಬಲಿಲ್ಲವಂತೆ.

“ಅವ್ಳ ವಿಳಾಸ ಕೊಟ್ಟೋರು ಯಾರು ಅಂತ ಕಂಡುಹಿಡಿಯಕ್ಕಾಯ್ತದಾ ಸಾರ್? ನೀವು ಹೇಳಿದ್ರೆ ಅವ್ಳು ನಂಬ್ತಾಳೆ.”

ನಾನು ಆಗ ಹೇಳಬಹುದಿತ್ತು. ಒಂದೇ ಮಾತು. ಶಾಲೆ, ಊರು, ಮಗಳು, ವಿಧುರನಿಗೆ ಈ ವಯಸ್ಸಿನಲ್ಲಿ ಎಂಥ ಚಪಲ ಎನ್ನುವವರು — ಎಲ್ಲರೂ ಒಟ್ಟಿಗೆ ಕಣ್ಮುಂದೆ ಬಂದು...

“ಆಗಲ್ಲ” ಎಂದೆ.

ಅವರು ಬೈಕ್ ಹತ್ತಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಬುಕ್ಕಾಂಬುಧಿಯ ಅಕ್ಕನ ಮನೆ ಸೇರಿಕೊಂಡರು. ಈಗಲೂ ಅಲ್ಲಿಯೇ ಇದ್ದಾರೆ, ಅಲ್ಲಿಯೇ ಪಂಪ್ ರಿಪೇರಿ. ಮೇಡಂ ಮನೆಯಲ್ಲಿ ಒಬ್ಬರೇ. ಅವರ ಇನ್‌ಬಾಕ್ಸ್ ಮಾತ್ರ ಚೊಕ್ಕಟವಾಗಿದೆ.

ಮೊನ್ನೆ ಗುರುವಾರ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಟೀಚರ್ ಒಬ್ಬರು ಸ್ಪ್ಯಾಮ್ ಕಾಟ ಹೇಳಿಕೊಂಡರು. ಹಿಂದೆ ನಾನು ಹೇಳಿಕೊಟ್ಟದ್ದನ್ನೆಲ್ಲ ಮೇಡಂ ಆ ಟೀಚರಿಗೆ ಒಂದೂ ಬಿಡದೆ ಹೇಳಿಕೊಟ್ಟರು. ಆಮೇಲೆ ಮೆಲ್ಲಗೆ ಸೇರಿಸಿದರು — ಮೊದ್ಲು ಮನೆಯವ್ರ ಮೇಲೆ ಒಂದು ಕಣ್ಣಿಡಿ ಎಂದು.

ನನಗೆ ಕೂರಲಾಗಲಿಲ್ಲ. ಆ ಟೀಚರ್ ಎದ್ದು ತರಗತಿಗೆ ಹೋದ ಮೇಲೆ ಮೇಡಂ ಎದುರಿಗೆ ನಿಂತು ಎಲ್ಲವನ್ನೂ ಹೇಳಿದೆ. ಪಾಸ್‌ವರ್ಡ್, ಎಸ್. ಎಂಬ ಅಕ್ಷರ, ಅಳಿಸಿಹಾಕಿದ ವಿವರ. ಮುಗಿದ ಮೇಲೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

“ಅವ್ರು ನಿಮ್ಹತ್ರ ಬಂದು ಕೇಳ್ದಾಗ, ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅವರು ಪುಸ್ತಕ ಮುಚ್ಚಿ, ಬ್ಯಾಗ್ ತೆಗೆದುಕೊಂಡು, ರಜೆ ಬರೆದಿಟ್ಟು ಹೊರಟುಹೋದರು. ಎಲ್ಲಿಗೆ ಹೋದರೋ ಗೊತ್ತಿಲ್ಲ. ಶುಕ್ರವಾರವೂ ಬರಲಿಲ್ಲ, ಇವತ್ತೂ ಬರಲಿಲ್ಲ. ಫೋನ್ ಮಾಡಿ ಕೇಳುವ ಹಕ್ಕು ನನಗಿಲ್ಲ.

ಶಿವಣ್ಣನವರಿಗೆ ಈಗಾಗಲೇ ತಿಳಿದಿರಬಹುದು. ಆದರೆ ಅವರು ಕೇಳಿದ್ದು ನನ್ನನ್ನು; ಉತ್ತರ ನಾನೇ ಕೊಡಬೇಕು. ನಾಳೆ ಭಾನುವಾರ. ಬೆಳಗಿನ ಮೊದಲ ಬಸ್ಸಿಗೆ ಬುಕ್ಕಾಂಬುಧಿಗೆ ಹೋಗುತ್ತೇನೆ.