ಜೈಲಿನ ಮಿಡತೆಗೆ ಕಾಲು ಬಂತು

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ಜನ್ಮದಲ್ಲಿ ನನಗೆ ಬಿಸಿ ಕಾಫಿ ಸಿಗದಿರ್ಲಿ.

ಬೆಳಕು ಹರಿಯೋ ಮುಂಚೆ ಜೈಲಿನ ಅಡುಗೆಮನೆಯಲ್ಲಿ ಅಡುಗೆಯಣ್ಣ ಹಂಡೆಗೆ ಕೆಂಪಕ್ಕಿ ಸುರೀತಿದಾನೆ. ಮುನ್ನೂರು ಜನಕ್ಕೆ ಅನ್ನ ಬೇಯೋ ಹಂಡೆ. ಒಳಗಿಳಿದು ತಿಕ್ಕೋಕೆ ಏಣಿ ಬೇಕು. ಅವನ ಮುಖ ಮಾತ್ರ ಸಪ್ಪಗಿದೆ. "ಬಣ್ಣ ನೋಡಿ! ತುಕ್ಕು ಹಿಡಿದ ಹಾಗಿದೆ," ಅಂತಾನೆ.

ಹೋದ ವರ್ಷದವರೆಗೂ ಇವನ ಅನ್ನ ಬೆಳ್ಳಗೆ ಫಳಫಳ. ಪಾಲಿಶ್ ಅಕ್ಕೀನ ನೀರು ತಿಳಿಯಾಗೋವರೆಗೂ ತೊಳೆದು, ಬೇಯಿಸಿ, ಬಸಿದು, ಆ ನೀರೆಲ್ಲ ಮೋರಿಗೆ. ಮೋರಿಯ ಹೆಗ್ಗಣಗಳು ಪೈಲ್ವಾನರಾದ್ವು; ಕೈದಿಗಳ ಕಾಲು ಊದಿ ಜೋಮು ಹಿಡೀತು. ಒಬ್ಬನ ಪಾದದ ಮೇಲೆ ಬೆಕ್ಕು ಮರಿ ಹಾಕಿದ್ರೂ ಅವನಿಗೆ ಗೊತ್ತಾಗ್ಲಿಲ್ಲ. ಯಾರೂ ಓಡಿಹೋಗ್ತಿಲ್ಲ ಅಂತ ಜೈಲರ್ ಸಾಹೇಬರಿಗೆ ಶಿಸ್ತಿನ ಪದಕ ಬಂತು.

ಡಾಕ್ಟರು ಬಂದು, "ಇದು ಬೆರಿಬೆರಿ. ಬಿ-ಒಂದು ವಿಟಮಿನ್ ಕೊರತೆ. ಮಾತ್ರೆ ಕೊಡ್ತೀನಿ, ನೀವು ತೌಡಿರೋ ಅಕ್ಕಿ ಹಾಕಿ. ತಡ ಮಾಡಿದ್ರೆ ಹೃದಯಾನೇ ನಿಂತುಹೋಗುತ್ತೆ," ಅಂದ್ರು.

"ನನ್ನ ಅನ್ನಕ್ಕೇ ಹೆಸರಿಡ್ತೀರಾ?" ಅಂತ ಇವನು ಸೌಟು ಎತ್ತಿದ.

ದಾರಿಗೆ ತಂದಿದ್ದು ಹೆಂಡತಿ. ಅವಳ ತಮ್ಮ, ಗೋಡೆ ಹಾರೋ ಕಳ್ಳ 'ಮಿಡತೆ', ಅದೇ ಜೈಲಲ್ಲಿ ಕಾಲು ಸೋತು ಮಲಗಿದ್ದ. "ನನ್ನ ತಮ್ಮ ಎದ್ದು ನಡೆಯೋವರೆಗೂ ಮನೆ ಮೆಟ್ಟಿಲು ಹತ್ತಬೇಡಿ. ಆ ಬಿಳಿ ಅನ್ನದ ಜೊತೇನೇ ಸಂಸಾರ ಮಾಡ್ಕೊಳ್ಳಿ!" ಅಂತ ಬಾಗಿಲು ಹಾಕಿದ್ಲು. ಅಡುಗೆಯಣ್ಣ ಅಕ್ಕಿಮೂಟೆ ಮೇಲೆ ಮಲಗಿ ಬೆನ್ನು ನೋಯಿಸ್ಕೊಂಡು, ಕೊನೆಗೆ ತೌಡು ತೆಗೆಯದ ಕೆಂಪಕ್ಕಿ ತರಿಸಿದ.

ಮಿಡತೆ ಎದ್ದ. ನಡೆದ. ನಿನ್ನೆ ಮಧ್ಯಾಹ್ನ ಗೋಡೇನೇ ಹಾರಿದ! ಹಾರಿದವನು ಸುತ್ತು ಹಾಕಿ ಬಂದು ಮುಂಬಾಗಿಲು ತಟ್ಟಿದ. "ತೆಗೀರಿ ಸಾರ್. ಕಾಲು ಸರಿಯಾಯ್ತಾ ಅಂತ ನೋಡ್ದೆ, ಅಷ್ಟೇ. ಭಾವ ಊಟಕ್ಕೆ ಕಾಯ್ತಿರ್ತಾರೆ."

ಅದಕ್ಕೇ ಈಗ, ಹಂಡೆಯ ಅನ್ನ ಬೆಂದು ಇಳಿಯೋ ಹೊತ್ತಿಗೆ, ಜೈಲರ್ ಸಾಹೇಬರು ಅಡುಗೆಮನೆಗೆ ನುಗ್ಗಿದಾರೆ. "ಇವರಿಗೆಲ್ಲ ಕಾಲು ಕೊಡು ಅಂತ ನಿನಗೆ ಯಾರಯ್ಯಾ ಹೇಳಿದ್ದು? ಮತ್ತೆ ಬಿಳಿ ಅಕ್ಕಿ ಹಾಕು. ಇಲ್ಲಾಂದ್ರೆ ಕೆಲಸ ಬಿಟ್ಟು ಹೋಗು!"

ಅಡುಗೆಯಣ್ಣ ಕತ್ತಿನ ಬೆವರು ಒರೆಸ್ಕೊತಾನೆ. "ಕಾಲು ನೋಡ್ಕೊಳ್ಳೋದು ನನ್ನ ಕೆಲಸ ಸಾರ್. ಗೋಡೆ ನೋಡ್ಕೊಳ್ಳೋದು ನಿಮ್ದು."

ಅಷ್ಟರಲ್ಲಿ ಹೊರಗಿಂದ ದಡದಡ ಸದ್ದು. ಕೈದಿಗಳು ತಟ್ಟೆ ಹಿಡ್ಕೊಂಡು ಊಟಕ್ಕೆ ಬರ್ತಿದಾರೆ.

"ಕೇಳಿಸ್ತಾ? ಓಡ್ತಿದಾರೆ!" ಅಡುಗೆಯಣ್ಣನ ಮುಖ ಇಷ್ಟಗಲ ಆಗುತ್ತೆ. ಸೌಟು ಎತ್ಕೊಂಡು ಬಡಿಸೋಕೆ ನಡೆದೇ ಬಿಡ್ತಾನೆ. ಹಿಂದಿನಿಂದ ಜೈಲರ್ ಸಾಹೇಬರು, "ಏಯ್, ನಿಂತ್ಕೊಳ್ಳಯ್ಯಾ, ನಾನಿನ್ನೂ ಮಾತು ಮುಗಿ…"