ಫ್ರಿಜ್ಜಿನಲ್ಲಿಟ್ಟ ಕಾಡು ಸೂರ್ಯಕಾಂತಿ

ಸೂರ್ಯಕಾಂತಿ ಎಂದರೆ ಬಿಸಿಲಲ್ಲೇ ಬೆಳೆಯುವುದು ಎಂದು ನಾನೂ ತಿಳಿದಿದ್ದೆ. ದುಬೈಯ ಜುಮೇರಾದ ವಿಲ್ಲಾದಲ್ಲಿ ನಾನು ಹೋಮ್ ನರ್ಸ್ ಆಗಿ ನೋಡಿಕೊಳ್ಳುತ್ತಿದ್ದ ಅಮೆರಿಕದ ಅಜ್ಜಿ ಆ ಮಾತು ಕೇಳಿ ನಕ್ಕುಬಿಟ್ಟರು. ಅವರ ಊರಿನ ಬೆಟ್ಟದ ಕಾಡಿನಲ್ಲಿ, ಮರಗಳ ನೆರಳಲ್ಲೇ ಬೆಳೆಯುವ ಒಂದು ಜಾತಿ ಇದೆಯಂತೆ. ತೆಳ್ಳನೆಯ ಕಾಂಡ, ಅಂಗೈಗಿಂತ ಚಿಕ್ಕ ಹೂವು. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿಹೋದರೂ ಬೇರು ಮಣ್ಣೊಳಗೆ ಜೀವ ಹಿಡಿದುಕೊಂಡಿದ್ದು ಮತ್ತೆ ಚಿಗುರುತ್ತದಂತೆ. ಇಲ್ಲಿಗೆ, ಮಗನ ಮನೆಗೆ ಬರುವಾಗ ಅಜ್ಜಿ ಆ ಬೇರನ್ನು ಕಾಲುಚೀಲದಲ್ಲಿ ಸುತ್ತಿ ತಂದಿದ್ದರು. ಗಾಜಿನ ವರಾಂಡದ ಏಸಿಯಲ್ಲಿ ಅದು ಎಲೆ ಬಿಟ್ಟಿತೇ ಹೊರತು ಹೂ ಬಿಡಲಿಲ್ಲ.

"ಇದಕ್ಕೆ ಚಳಿ ಸಾಲದು" ಎಂದರು. ಚಳಿಗಾಲವಿಡೀ ಬೇರನ್ನು ಫ್ರಿಜ್ಜಿನಲ್ಲಿಡಬೇಕು. ಸೊಸೆಯೋ ತನ್ನ ಫ್ರಿಜ್ಜಿಗೆ ಮಣ್ಣು ಸೋಕಲು ಬಿಡುವವಳಲ್ಲ. ಡಿಸೆಂಬರಿನಲ್ಲಿ ಅಜ್ಜಿ ಬೇರಿನ ಚೀಲವನ್ನು ನನ್ನ ಕೈಗಿಟ್ಟು, "ನಿನ್ನನ್ನು ನಂಬಿ ಕೊಡುತ್ತಿದ್ದೇನೆ" ಎಂದರು. ಆ ದೊಡ್ಡ ಮನೆಯಲ್ಲಿ ತನ್ನದು ಎಂದು ಅವರಿಗೆ ಉಳಿದಿದ್ದದ್ದು ಅದೊಂದೇ. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಕರಾಮದ ನಮ್ಮ ಫ್ಲ್ಯಾಟಿನಲ್ಲಿ ಆರು ಹೆಂಗಸರಿಗೆ ಒಂದೇ ಫ್ರಿಜ್ಜು. ನನ್ನ ಪಾಲಿನ ಜಾಗದಲ್ಲಿ ಮೊಸರು, ಬಂಗುಡೆ, ಅವುಗಳ ಹಿಂದೆ ಅಮೆರಿಕದ ಕಾಡು. ನನ್ನ ಕೆಳಗಿನ ಬೆಡ್ಡಿನ ಮಂಗಳೂರು ಹುಡುಗಿಗೆ ಮಾತ್ರ ವಿಷಯ ಗೊತ್ತಿತ್ತು. ಅವಳೂ ಹೋಮ್ ನರ್ಸೇ. ಬಂದ ಹೊಸದರಲ್ಲಿ ಮನೆಯ ನೆನಪಾಗಿ ಅಳುತ್ತಿದ್ದಾಗ ಗಂಜಿ ಮಾಡಿ ಕೊಟ್ಟವಳು ನಾನು. ಅಕ್ಕ ಎಂದೇ ಕರೆಯುತ್ತಿದ್ದಳು. ಜನವರಿಯಲ್ಲಿ ನಾನು ನನ್ನ ಅಮ್ಮನ ಆಪರೇಷನ್ನಿಗೆಂದು ಉಡುಪಿಗೆ ಹೊರಟಾಗ ಫ್ರಿಜ್ಜಿನ ಚೀಲವನ್ನೂ ಅಜ್ಜಿಯ ಡ್ಯೂಟಿಯನ್ನೂ ಅವಳಿಗೇ ಒಪ್ಪಿಸಿದೆ.

ತಿರುಗಿ ಬಂದಾಗ ಚೀಲ ಇರಲಿಲ್ಲ.

"ನಾನು ಡ್ಯೂಟಿಯಲ್ಲಿದ್ದೆ ಅಕ್ಕ. ಫ್ರಿಜ್ ಕ್ಲೀನ್ ಮಾಡುವಾಗ ಯಾರೋ ಕೊಳೆತ ಶುಂಠಿ ಅಂತ ಬಿಸಾಡಿದ್ದಾರೆ" ಎಂದು ಅಳತೊಡಗಿದಳು. ಸಮಾಧಾನ ಮಾಡಿದವಳೂ ನಾನೇ! ಉಳಿದ ನಾಲ್ವರ ಜೊತೆ ಜಗಳವಾಡಿ, ವಾರಗಟ್ಟಲೆ ಮಾತು ಬಿಟ್ಟೆ. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

"ಅಜ್ಜಿಗೆ ಎಂತ ಹೇಳುದು ಮಾರಾಯ್ತಿ?" ಎಂದು ಕೇಳಿದ್ದಕ್ಕೆ, "ನೀವು ಎಂತದೂ ಹೇಳ್ಬೇಡಿ ಅಕ್ಕ, ಅವ್ರಿಗೆ ಬಿಪಿ ಉಂಟು. ನಾನೇ ಮೆಲ್ಲ ಹೇಳ್ತೇನೆ" ಎಂದಳು.

ಮೆಲ್ಲಗೆ ಏನು ಹೇಳಿದಳೋ, ಅಜ್ಜಿಯ ಮಗನಿಂದ ಮೆಸೇಜ್ ಬಂತು. ಅಮ್ಮನಿಗೆ ಈ ಹುಡುಗಿ ಹೊಂದಿಕೊಂಡಿದ್ದಾಳೆ, ಇವಳೇ ಮುಂದುವರಿಯಲಿ ಎಂದು. ನಾನು ಅಜ್ಜಿಗೆ ಕಳಿಸಿದ ಮೆಸೇಜುಗಳಿಗೆ ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಬೇರು ಕಳೆದ ಬೇಸರ ಇರಬೇಕು, ತಪ್ಪು ನನ್ನದೇ ಎಂದುಕೊಂಡು ಮಿರ್ದಿಫ್‌ನಲ್ಲಿ ಬೇರೆ ಕೆಲಸ ಹಿಡಿದೆ. ಹುಡುಗಿ ಬೆಡ್ ಖಾಲಿ ಮಾಡಿ ವಿಲ್ಲಾಕ್ಕೇ ಹೋದಳು. ಅಲ್ಲಿ ಅವಳಿಗೆ ಕಿಟಕಿಯಿದ್ದ ಸ್ವಂತ ಕೋಣೆ. ಹೋಗಲಿ, ಒಬ್ಬಳಾದರೂ ಸುಖವಾಗಿರಲಿ ಎಂದು ನಿಜವಾಗಿಯೂ ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಅಜ್ಜಿಯ ಹುಟ್ಟುಹಬ್ಬ. ಅವರಿಗಿಷ್ಟವಾದ ಬಾಳೆಹಣ್ಣಿನ ಹಲ್ವ ಕಟ್ಟಿಸಿಕೊಂಡು, ಹೇಳದೆಯೇ ಹೋದೆ. ಗಾಜಿನ ವರಾಂಡದ ನೆರಳಿನ ಮೂಲೆಯಲ್ಲಿ ತೆಳ್ಳನೆಯ ಗಿಡವೊಂದು ನನ್ನಷ್ಟೇ ಎತ್ತರಕ್ಕೆ ನಿಂತಿತ್ತು. ತುದಿಯಲ್ಲಿ ಪುಟ್ಟ ಹಳದಿ ಹೂಗಳು. ಅಜ್ಜಿ ಕುರ್ಚಿಯಲ್ಲಿ ಕೂತು ಒಂದು ಎಸಳನ್ನು ಸವರುತ್ತಿದ್ದರು. ನನಗೆ ಮೊದಲು ಖುಷಿಯೇ ಆಯಿತು. ಊರಿನಿಂದ ಬೇರೆ ಬೇರು ತರಿಸಿರಬೇಕು ಎಂದುಕೊಂಡೆ.

"ನೋಡು, ಬದುಕಿದೆ" ಎಂದರು ಅಜ್ಜಿ. "ನೀನು ಊರಿಗೆ ಹೊರಟಾಗ ಕಸದ ಡಬ್ಬಕ್ಕೆ ಹಾಕಿದ್ದೆಯಂತೆ. ಈ ಹುಡುಗಿ ಎತ್ತಿ ಇಟ್ಟುಕೊಳ್ಳದಿದ್ದರೆ ಸತ್ತೇ ಹೋಗುತ್ತಿತ್ತು. ಇರಲಿ, ನಾನು ನಿನ್ನನ್ನು ಕ್ಷಮಿಸಿದ್ದೇನೆ."

ನನ್ನದಲ್ಲದ ತಪ್ಪಿಗೆ ಕ್ಷಮೆ! ಎಂಟು ತಿಂಗಳು ನನ್ನನ್ನು ನಾನೇ ಬೈದುಕೊಂಡಿದ್ದೆ. ಆ ಹೊತ್ತಿನಲ್ಲಿ ಇವಳು ಇಲ್ಲಿ ನೀರು ಹಾಕುತ್ತಿದ್ದಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಏಳಲು ಕೈ ಚಾಚಿದರು. ಹಿಂದೆ ಹಾಗೆ ಚಾಚಿದರೆ ಹಿಡಿಯುತ್ತಿದ್ದವಳು ನಾನು. ಈಗ ಆ ಕೈ ಬಾಗಿಲಲ್ಲಿ ನಿಂತಿದ್ದ ಅವಳ ಕಡೆಗೆ ಚಾಚಿತ್ತು. ಅವಳು ಓಡಿ ಬಂದು ಹಿಡಿದಳು, ಜೋಪಾನವಾಗಿಯೇ ಹಿಡಿದಳು. ಅಜ್ಜಿ ನನ್ನ ಮಾತನ್ನು ನಂಬುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ನನ್ನ ಮುಖ ನೋಡದೆ, ನಮ್ಮೂರ ಕನ್ನಡದಲ್ಲಿ ಅವಳು ಕೇಳಿದಳು: "ಚಾ ಮಾಡ್ತೇನೆ ಅಕ್ಕ. ನಿಮ್ಗೆ ಸಕ್ಕರೆ ಕಮ್ಮಿ ಅಲ್ವಾ?"